ತಲೆಕೆಳಗಾದ ನಾಬ್

ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಮಡಚಿ ಮಡಚಿ ಸೊಸೆಯ ತೋಳು ಬಿದ್ದುಹೋಗುತ್ತಿತ್ತು. ಮನೆಗೆ ಬಂದರೆ ಆ ಹಳೇ ಗ್ಯಾಸ್ ಒಲೆಯ ಚಾಕರಿ. ಬರ್ನರ್ ಕಳಚಿ ಪಿನ್ನಿನಿಂದ ತೂತುಗಳ ಕಸ ತೆಗೆಯುವವಳೂ ಅವಳೇ, ಪೈಪಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವವಳೂ ಅವಳೇ. ಗಂಡ ಲಾರಿ ಹಿಡಿದು ಊರೂರು ಸುತ್ತುವವನು. ಒಲೆ ಯಾವ ಮೂಲೆಯಲ್ಲಿದೆ ಎಂದು ಅವನಿಗೆ ಗೊತ್ತಿದ್ದರೆ ಅದೇ ದೊಡ್ಡದು.

ಅವಳ ಪಾಲಿಗೆ ಬೇರೆಯವರ ಕೈಯಿಂದ ಸಿಗುವುದೆಂದರೆ ಸಂಜೆಯ ಒಂದು ಲೋಟ ಚಹಾ. ಮಾಡುವವರು ಅತ್ತೆ. ಕಣ್ಣು ಪೂರಾ ಹೋಗಿದ್ದರೂ ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಚ್ಚುವುದು ಗ್ಯಾಸಿನ ಸದ್ದು ಕೇಳಿಕೊಂಡು; ಆರಿಸುವಾಗ ಅವರ ಬೆರಳಿಗೆ ಗುರುತು ನಾಬಿನ ಮೇಲಿನ ಉಬ್ಬುಗೀಟು. ಮಾವ ಬದುಕಿದ್ದಾಗ ಯಾವುದೋ ಬೇರೆ ಒಲೆಯ ನಾಬ್ ತಂದು ಸಿಕ್ಕಿಸಿದ್ದರು. ಅದು ತಲೆಕೆಳಗಾಗಿ ಕೂತಿತ್ತು. ಊರಿಗೆಲ್ಲ ಗೀಟು ಮೇಲಿದ್ದರೆ ಒಲೆ ಬಂದ್, ಈ ಮನೆಯಲ್ಲಿ ಕೆಳಗಿದ್ದರೆ ಬಂದ್.

ಆ ನಾಬ್ ಸೀಳು ಬಿಟ್ಟಿತೆಂದು ಸೊಸೆ ಬೆಳಿಗ್ಗೆ ರಿಪೇರಿಯವನನ್ನು ಕರೆಸಿದಳು. ಅವನು ಹೊಸದು ಹಾಕಿ, "ಇಷ್ಟು ದಿನ ಉಲ್ಟಾ ಇತ್ತಲ್ಲಮ್ಮ, ಈಗ ಸರಿಯಾಯ್ತು ನೋಡಿ" ಎಂದ. ಕೆಲಸಕ್ಕೆ ಹೊತ್ತಾಗಿತ್ತು. ಹೂಂ ಎಂದು ಚಪ್ಪಲಿ ಮೆಟ್ಟಿ ಓಡಿದಳು. ಅತ್ತೆಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ದಣಿದ ತಲೆಗೆ ಏನು ತಾನೇ ಹೊಳೆದೀತು?

ಸಂಜೆ ಬಾಗಿಲು ತೆರೆದರೆ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ನೆಗಡಿಯಿಂದ ಮೂಗು ಕಟ್ಟಿ ನಡುಮನೆಯಲ್ಲಿ ಕೂತಿದ್ದ ಅತ್ತೆಯನ್ನು ಹೊರಗೆ ಕರೆತಂದು ಕೂರಿಸಿದಳು. ಲೈಟು ಹಾಕದೆ ಒಳಗೆ ಹೋಗಿ ಸಿಲಿಂಡರನ್ನೂ ಒಲೆಯನ್ನೂ ಬಂದ್ ಮಾಡಿ, ಕಿಟಕಿಗಳನ್ನು ತೆರೆದಳು. ಅತ್ತೆ ಎಂದಿನಂತೆ ಗೀಟನ್ನು ಕೆಳಕ್ಕೆ ತಿರುಗಿಸಿದ್ದರು. ಹೊಸ ನಾಬಿನಲ್ಲಿ ಅದು ಸಿಮ್. ಬಗ್ಗಿಸುವಾಗ ಒಲೆಯ ಮೇಲೆ ಚೆಲ್ಲಿದ ಚಹಾಕ್ಕೆ ಆ ಸಣ್ಣ ಉರಿ ಆರಿತ್ತು, ಗ್ಯಾಸು ನಿಂತಿರಲಿಲ್ಲ.

"ಆರಿಸಿದ್ದೆ ಕಣಮ್ಮ. ಮುಟ್ಟಿ ನೋಡ್ದೆ."

"ನೀವು ಸರಿಯಾಗೇ ಮಾಡಿದ್ರಿ ಅತ್ತೆ. ನಾಬ್ ಬದಲಾಯಿಸಿದ್ದು ನಾನು ಹೇಳ್ಲಿಲ್ಲ."

"ಇನ್ಮೇಲೆ ಒಲೆ ಹತ್ರ ಹೋಗಲ್ಲ ಬಿಡು" ಎಂದರು ಅತ್ತೆ.

ಸೊಸೆಗೆ ಅಳು ಬಂತು. ಅತ್ತೆಯ ಮೇಲಿನ ಮರುಕ ಅರ್ಧ. ನಾಳೆಯಿಂದ ಆ ಒಂದು ಲೋಟವನ್ನೂ ತಾನೇ ಮಾಡಿಕೊಳ್ಳಬೇಕಲ್ಲ ಎಂಬ ಸಂಕಟ ಇನ್ನರ್ಧ.

ವಾಸನೆ ಪೂರಾ ಹೋದಮೇಲೆ ಕಸದ ಡಬ್ಬಿ ಕೆದಕಿ ಹಳೇ ನಾಬ್ ಹುಡುಕಿದಳು. ಸೀಳಿಗೆ ತಂತಿ ಬಿಗಿದು, ಹೊಸದನ್ನು ಕಿತ್ತು, ಅದನ್ನೇ ಸಿಕ್ಕಿಸಿ, ಸಿಲಿಂಡರ್ ಮತ್ತೆ ತೆರೆದಳು. ಅತ್ತೆಯ ಬೆರಳನ್ನು ಗೀಟಿನ ಮೇಲಿಟ್ಟಳು.

"ಇದು ನಮ್ದೇ," ಎಂದರು ಅತ್ತೆ.

"ಹೂಂ. ಇನ್ನೊಂದ್ಸಲ ಟೀ ಮಾಡ್ತೀರಾ ಅತ್ತೆ? ನನ್ನ ಕೈಲಾಗಲ್ಲ."

ಅತ್ತೆ ತಡವರಿಸಿ ಪಾತ್ರೆ ಎತ್ತಿಕೊಂಡರು. ಸೊಸೆ ಅಲ್ಲೇ ನೆಲದ ಮೇಲೆ ಗೋಡೆಗೊರಗಿ ಕೂತಳು. ಅತ್ತೆ ಒಲೆ ಆರಿಸಿ, ಗೀಟು ಕೆಳಗಿದೆಯೇ ಎಂದು ಎರಡೆರಡು ಸಲ ಮುಟ್ಟಿ ನೋಡುವವರೆಗೂ ಅವಳು ಕಣ್ಣು ಮುಚ್ಚಲಿಲ್ಲ.