ಹೆಸರಿಗೊಂದು ಅಚ್ಚು ಬೆಲ್ಲ

ವಿಮೆ ಏಜೆಂಟ್ ವೀರಭದ್ರಪ್ಪನ ಕರಿ ಕೋಟಿನ ಮೇಲೆ ಯಾವಾಗಲೂ ಒಂದೆರಡು ಇರುವೆ ಹರಿದಾಡುತ್ತಿದ್ದವು. ಹೆಗಲ ಚೀಲದಲ್ಲಿ ಬೆಲ್ಲವಿರುತ್ತಿತ್ತು, ಅದಕ್ಕೆ. ಅವನು ಬೀದಿಗೆ ಕಾಲಿಟ್ಟರೆ ಇರುವೆಗಳಿಗೆ ಹಬ್ಬ, ಮನುಷ್ಯರಿಗೆ ದಿಗಿಲು. ಸತ್ತವರನ್ನು ಬೈಯಬಾರದು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದಳು. ಇವನ ವಿಷಯದಲ್ಲಿ ಅವಳೇ ಆ ಮಾತು ಉಳಿಸಿಕೊಳ್ಳಲಿಲ್ಲ, ಇನ್ನು ನನ್ನದೇನು?

ಬೆಲ್ಲ ನಮ್ಮ ಅಂಗಡಿಯದೇ. ನಮ್ಮ ಸೀಮೆ ಇನ್ನೂ ಮದ್ರಾಸಿನವರ ಕೈಕೆಳಗಿದ್ದ ಕಾಲ. ಹಿಂದೂಪುರದ ಮಂಡಿಯಲ್ಲಿ ನಾನೂ ನನ್ನ ಚಿಕ್ಕಪ್ಪ ರುದ್ರಪ್ಪನೂ ಬೆಲ್ಲದ ವ್ಯಾಪಾರಕ್ಕೆ ಕೂರುತ್ತಿದ್ದೆವು. ವಿಮೆ ಎಂದರೆ ಯಮನ ಪಟ್ಟಿಗೆ ತಾವಾಗಿಯೇ ಹೆಸರು ಬರೆಸುವುದು ಅಂತ ಜನ ನಂಬಿದ್ದರು. ಹಾಗಾಗಿ ವೀರಭದ್ರಪ್ಪ ನೇರವಾಗಿ ಯಾರ ಮನೆಗೂ ಹೋಗುತ್ತಿರಲಿಲ್ಲ, ಮೊದಲು ಹೆಸರು ಸಂಪಾದಿಸುತ್ತಿದ್ದ. ಯಾರಿಗೆ ಗಂಡು ಹುಟ್ಟಿತು, ಯಾರು ಹೊಲ ಕೊಂಡರು, ಯಾರಿಗೆ ಮದುವೆ ಗೊತ್ತಾಯಿತು ಎಂದು ತಿಳಿಯಲು ಕ್ಷೌರದವನು, ಸೂಲಗಿತ್ತಿ, ಹೂವಿನವಳು, ಇವರೇ ಅವನ ಕಿವಿಗಳು. ಇವರಲ್ಲಿ ಒಬ್ಬರೂ ಪಾಲಿಸಿ ಮಾಡಿಸಿದವರಲ್ಲ. ಆದರೂ ಹೆಸರಿಗೊಂದು ಅಚ್ಚು ಬೆಲ್ಲವನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಅವರ ಮನೆಗೇ ತಲುಪಿಸುತ್ತಿದ್ದ.

"ಪಾಲ್ಸಿ ಮಾಡ್ಸಿದೋರ್ಗೆ ಕಂಪ್ನಿ ಐತೆ. ಪೇರು ಕೊಟ್ಟೋರ್ಗೆ ನಾನಿದೀನಿ ಕಣಪ್ಪ" ಅನ್ನುವುದು ಅವನ ಹೆಮ್ಮೆ. ಹೆಸರಿಗೆ ಅವನು ತೆಲುಗಿನವರ ಹಾಗೆ ಪೇರು ಅನ್ನುತ್ತಿದ್ದ.

ಆ ಹೆಮ್ಮೆಯಿಂದ ಬೀದಿ ಕೆಟ್ಟಿತು. ಎಲೆ ಸುತ್ತಿದ ಬೆಲ್ಲ ಯಾರ ಹೊಸಿಲಿಗೆ ಬಂದರೂ ಎದುರುಮನೆಯವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು: "ಯಾರನ್ನ ಮಾರ್ಬುಟ್ಟೆ ಕಣಮ್ಮ? ನನ್ ಗಂಡನ್ನೋ, ನನ್ ತಮ್ಮನ್ನೋ?" ಕ್ಷೌರದಂಗಡಿಯಲ್ಲಿ ಗಿರಾಕಿಗಳು ಹರಟೆಯನ್ನೇ ಬಿಟ್ಟರು. "ಗಡ್ಡ ಕೆರಿ ಸಾಕು. ಮಾಟಲೊದ್ದು ಕಣಪ್ಪ, ಮಾತು ಬ್ಯಾಡ" ಅಂತ ಕಣ್ಣು ಮುಚ್ಚಿ ಕೂರುತ್ತಿದ್ದರು.

ಚಿಕ್ಕಪ್ಪನಿಗೆ ಕಲ್ಯಾಣದುರ್ಗದ ಹೆಣ್ಣು ಗೊತ್ತಾಗಿ ವೀಳ್ಯ ಬದಲಾಯಿಸಿಯಾಗಿತ್ತು. ಹುಡುಗಿಯನ್ನು ನೋಡಿ ಬಂದಂದಿನಿಂದ ಅವನು ತಕ್ಕಡಿ ಹಿಡಿದಾಗಲೂ ನಗುತ್ತಿದ್ದ. ಆಗ ವೀರಭದ್ರಪ್ಪ ಬಂದು ಅಂಗಡಿ ಮೆಟ್ಟಿಲ ಮೇಲೆ ಕೂತ.

"ಏಮಪ್ಪಾ ಮದ್ವೆ ಗಂಡು! ನಾಳೆ ಹೆಂಡ್ತಿ ಬತ್ತಾಳೆ. ಅವಳ ಕೈಗೆ ಏನ್ ಕೊಟ್ಟೋಯ್ತೀಯ?"

"ಅವಳಿನ್ನೂ ಬಂದೇ ಇಲ್ಲ, ಆಗ್ಲೇ ನನ್ನ ಕಳಿಸ್ತೀಯಲ್ಲಯ್ಯ!"

ಚಿಕ್ಕಪ್ಪ ನಗುತ್ತಲೇ ಒಪ್ಪಿಕೊಂಡ. ಕಂಪನಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಒಳಗೇನೋ ಶಬ್ದವಿದೆ, ಪಾಲಿಸಿ ಆಗುವುದಿಲ್ಲ ಎಂದರು. ಬೆಲ್ಲದ ಮೂಟೆಯನ್ನು ಒಬ್ಬನೇ ಬೆನ್ನಿಗೆ ಹಾಕಿಕೊಳ್ಳುವ ಆಳು! ಚಿಕ್ಕಪ್ಪ ಅದನ್ನೂ ನಕ್ಕು ಮರೆತ.

ವೀರಭದ್ರಪ್ಪ ಮರೆಯಲಿಲ್ಲ. ಅವನಿಗೆ ಕಲ್ಯಾಣದುರ್ಗದಲ್ಲೂ ಗಿರಾಕಿಗಳು ಬೇಕಲ್ಲ? ಪೆನುಕೊಂಡದ ಮೇಲೆ ಬಸ್ಸಿನಲ್ಲಿ ಹೋಗಿ, ಹೆಣ್ಣಿನ ಮನೆಯ ಬೀದಿಯಲ್ಲೇ ಜಗಲಿ ಹತ್ತಿ ಕೂತು ಕೊಚ್ಚಿಕೊಂಡನಂತೆ: "ನಮ್ ಕಂಪ್ನಿ ಕಂಡಕಂಡೋರ್ನ ತಗೊಳಲ್ಲ ಸ್ವಾಮಿ. ಹಿಂದೂಪುರದ ಮಂಡಿ ರುದ್ರಪ್ಪ, ಅಂಥ ಆಳು, ಎದೆ ಸರಿಯಿಲ್ಲ ಅಂತ ವಾಪಸ್ ಕಳಿಸ್ಬುಟ್ರು!"

ವೀಳ್ಯ ವಾಪಸ್ಸು ಬಂತು. ಹುಡುಗಿಯ ಸೋದರಮಾವ ಅದನ್ನು ತಂದುಕೊಟ್ಟು, ನಮ್ಮ ಮನೆಯಲ್ಲಿ ನೀರೂ ಮುಟ್ಟದೆ ಹೋದ.

ಅದರ ಮರುದಿನವೇ ವೀರಭದ್ರಪ್ಪ ಮನೆಗೆ ಬಂದ. ಪಡಸಾಲೆಯಲ್ಲಿ ಅಜ್ಜಿ, ಅವಳ ಮಗ ರುದ್ರಪ್ಪ, ನಾನು ಇದ್ದೆವು. ಚೀಲದಿಂದ ಎಲೆಯ ಪೊಟ್ಟಣ ತೆಗೆದು ಅಜ್ಜಿಯ ಮುಂದಿಟ್ಟ.

"ಇದೇನ್ಲಾ?"

"ರುದ್ರಪ್ಪನ ಪೇರಿಗೆ, ಅವ್ವಾ. ಅವತ್ತು ಹೂ ತಗೊಳೋವಾಗ ನಾನೂ ಅಲ್ಲೇ ಇದ್ದೆ, ನೀವೇ ಅಂದ್ರಲ್ಲ, ನನ್ ಮಗ ಎತ್ತಿನಂಗವ್ನೆ, ಮದ್ವೆ ಗೊತ್ತಾಗೈತೆ ಅಂತ? ಪಾಲ್ಸಿ ಆಗ್ಲಿ ಬಿಡ್ಲಿ, ಪೇರು ಕೊಟ್ಟೋರ್ಗೆ ಮೋಸ ಮಾಡೋನಲ್ಲ ನಾನು."

ಹೆತ್ತವಳು ಮಗನನ್ನು ಹೊಗಳಿಕೊಂಡದ್ದಕ್ಕೆ ಕೂಲಿ! ಅವನ ಮುಖದಲ್ಲಿ ನಾಚಿಕೆ ಹುಡುಕಿದೆ. ಸಂಬಳ ಬಟವಾಡೆ ಮಾಡಿದವನ ತೃಪ್ತಿ ಇತ್ತು.

"ಎತ್ಕೊಂಡ್ ಹೋಗ್ಲಾ! ನಿನ್ ಬೆಲ್ಲಕ್ಕೆ ಹುಳ ಬೀಳ!" ಅಜ್ಜಿ ಪೊಟ್ಟಣವನ್ನು ಅಂಗಳಕ್ಕೆ ಬೀಸಿದಳು. ಅವನು ಅದನ್ನು ಎತ್ತಿ, ಮಣ್ಣು ಒರೆಸಿ, ಚೀಲಕ್ಕೆ ಹಾಕಿಕೊಂಡ. ಮುಂದಿನ ಹೆಸರಿಗೆ ಆಗುತ್ತದಲ್ಲ.

ಚಿಕ್ಕಪ್ಪ ಅಜ್ಜಿಯನ್ನು ಒಮ್ಮೆ ನೋಡಿದ, ಅಷ್ಟೆ. ಅವನ ಬಾಯಲ್ಲಿ 'ಅವ್ವ' ಎನ್ನುವ ಮಾತು ಅಲ್ಲಿಗೆ ನಿಂತಿತು. ಹಸಿದರೆ ತಟ್ಟೆ ಮುಂದೆ ಕೂರುವನು, ಇಲ್ಲವಾದರೆ ಅಂಗಡಿಯಲ್ಲೇ ಮಲಗುವನು. ಬೇರೆ ಹೆಣ್ಣು ಕೇಳಲು ಹೋದಲ್ಲೆಲ್ಲ ಎದೆಯ ಸುದ್ದಿ ನಮಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಅಜ್ಜಿ ಮತ್ತೆ ಯಾರೆದುರೂ ಮಗನ ಮಾತೆತ್ತಲಿಲ್ಲ.

ಕೆಲವು ವರ್ಷಗಳ ಮೇಲೆ, ಕಲ್ಯಾಣದುರ್ಗದಲ್ಲಿ ಬಸ್ಸಿಳಿಯುತ್ತಲೇ ವೀರಭದ್ರಪ್ಪ ಎದೆ ಹಿಡಿದುಕೊಂಡು ಕುಸಿದನಂತೆ. ಹೆಣ ಹಿಂದೂಪುರಕ್ಕೆ ಬಂತು. ಹೆಗಲು ಕೊಡಲು ಬೀದಿಯವರು ಮುಖ ಮುಖ ನೋಡಿಕೊಂಡಾಗ, ಎದೆ ಸರಿಯಿಲ್ಲದ ನಮ್ಮ ಚಿಕ್ಕಪ್ಪನೇ ಹೋಗಿ ಹೆಗಲು ಕೊಟ್ಟ.

ಮಣ್ಣು ಮಾಡಿ ಬಂದವನು ಹಿತ್ತಿಲಲ್ಲಿ ಬಚ್ಚಲ ಕಲ್ಲಿನ ಮೇಲೆ ಕೂತ. ಅಜ್ಜಿ ನೀರು ಹುಯ್ಯುತ್ತಾ ತನ್ನಷ್ಟಕ್ಕೇ ಅಂದಳು: "ಯಮಂಗೆ ಅವನ ಹೆಸ್ರು ಯಾರ್ ಕೊಟ್ರೋ..."

ಚಿಕ್ಕಪ್ಪ ಮುಖದ ನೀರು ಒರೆಸಿಕೊಂಡ.

"ಯಾರೋ ಏನೋ. ನೀನಂತೂ ಅಲ್ಲ ಬಿಡವ್ವ."

ಆ 'ಅವ್ವ' ಕೇಳಿ ಅಜ್ಜಿಯ ಕೈಯಲ್ಲಿ ಚೊಂಬು ಹಾಗೇ ನಿಂತಿತು. ಅವಳು ಅತ್ತದ್ದನ್ನೋ ನಕ್ಕದ್ದನ್ನೋ ನಾನು ನೋಡಲಿಲ್ಲ, ಒಳಗೆ ಬಂದುಬಿಟ್ಟೆ. ಆ ಮನುಷ್ಯನಿಂದ ನಮ್ಮ ಮನೆಗೆ ಆದ ಉಪಕಾರ ಅದೊಂದೇ. ಅದಕ್ಕೂ ಅವನು ಸಾಯಬೇಕಾಯಿತು.