ಸಾಂತಪ್ಪನಿಗಿಂತ ತೂಕದ ನಾಯಿ

ಸಾಂತಪ್ಪ ತೀರಿಹೋಗುವ ಹಿಂದಿನ ದಿನ ಗಂಡ ಹೆಂಡತಿಗೆ ಜಗಳ ಆದದ್ದು ಒಂದು ಮುಚ್ಚಳದ ವಿಷಯಕ್ಕೆ. ಅವನು ಜಗಲಿಯಲ್ಲಿ ಕೂತು ನಾಯಿಯ ಕಿವಿ ಮಗುಚಿ ಉಣ್ಣಿ ಹೆಕ್ಕುತ್ತಿದ್ದ. ಹೆಕ್ಕಿದ್ದನ್ನು ಸೀಮೆಎಣ್ಣೆಗೆ ಹಾಕುತ್ತಿದ್ದ. ಸೀಮೆಎಣ್ಣೆ ಇದ್ದದ್ದು ಹೆಂಡತಿ ಬೊಳ್ಳಮ್ಮನ ಕಾಫಿಪುಡಿ ಡಬ್ಬಿಯ ಮುಚ್ಚಳದಲ್ಲಿ.

“ನಿಮಗೆ ಬೇರೆ ಮುಚ್ಚಳ ಸಿಗಲಿಲ್ವಾ?”

“ತೊಳೆದು ಕೊಡ್ತೇನೆ.”

“ತೊಳೆದರೆ ಹೋಗ್ತದಾ ಆ ವಾಸನೆ? ನಾಳೆ ಬಂದ ನೆಂಟರಿಗೆ ಸೀಮೆಎಣ್ಣೆ ಕಾಫಿ ಕೊಡುವುದಾ?”

“ನಿನ್ನ ತಮ್ಮ ಬಂದರೆ ಕೊಡು. ಅವನಿಗೆ ಗೊತ್ತಾಗುವುದಿಲ್ಲ.”

ನಾಯಿ ಕಣ್ಣು ಮುಚ್ಚಿ ಅವನ ತೊಡೆಯ ಮೇಲೆ ತಲೆ ಇಟ್ಟಿತ್ತು. ತಲೆ ಮಾತ್ರ. ಅದಕ್ಕಿಂತ ಹೆಚ್ಚು ಅಲ್ಲಿ ಹಿಡಿಯುತ್ತಿರಲಿಲ್ಲ.

ಆ ನಾಯಿ ಮೊದಲು ಅವರದ್ದಲ್ಲ, ದೊರೆಯದ್ದು. ಸಾಂತಪ್ಪ ನಾಪೋಕ್ಲು ಕಡೆಯ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದ. ಕೊಡಗು ಮೈಸೂರಿಗೆ ಸೇರಿ ಒಂದೆರಡು ವರ್ಷಕ್ಕೆ ಬಿಳಿದೊರೆ ಎಸ್ಟೇಟು ಮಾರಿ ಸೀಮೆಗೆ ಹೊರಟ. ಹೋಗುವಾಗ ರೈಟರಿಗೆ ಕೈಗಡಿಯಾರ ಕೊಟ್ಟ, ಬಟ್ಲರನಿಗೆ ಪಿಂಗಾಣಿ ಕೊಟ್ಟ. ಸಾಂತಪ್ಪನಿಗೆ, ಬೇಕಿದ್ದರೆ ಈ ನಾಯಿ ತಗೋ, ಯೋಚನೆ ಮಾಡಿ ಹೇಳು ಅಂದ. ಗ್ರೇಟ್ ಡೇನ್ ಅಂತ ಜಾತಿ. ಇನ್ನೂ ಮರಿ. ಮರಿಯೇ ಕರುವಿನಷ್ಟಿತ್ತು. ದೊರೆ ಇಟ್ಟ ಹೆಸರು ಡ್ಯೂಕ್. ಸಾಂತಪ್ಪನ ಬಾಯಲ್ಲಿ ಡೂಕ ಆಯಿತು.

ಯೋಚನೆ ಮಾಡಬೇಕಾದದ್ದು ಬೊಳ್ಳಮ್ಮ ಎಂದು ಸಾಂತಪ್ಪನಿಗೆ ಗೊತ್ತಿತ್ತು.

“ತಿನ್ನುವುದಿರಲಿ,” ಅಂದಳು ಅವಳು. “ಅಕ್ಕಿ ನಮ್ಮ ಗದ್ದೆಯದ್ದು. ಕಾಯಿಲೆ ಬಿದ್ದರೆ? ಊರ ನಾಯಿ ಹುಲ್ಲು ತಿಂದು ಕಕ್ಕಿ ತಾನೇ ಸರಿ ಮಾಡಿಕೊಳ್ತದೆ. ದೊರೆಯ ನಾಯಿಗೆ ಡಾಕ್ಟ್ರು ಬೇಕು. ಇಷ್ಟು ದೊಡ್ಡದಕ್ಕೆ ಮದ್ದಿಗೆ ಎಷ್ಟು ಬೀಳ್ತದೆ ಅಂತ ಮೊದಲು ಕೇಳಿಕೊಂಡು ಬನ್ನಿ. ಆಮೇಲೆ ಮಾತು.”

ನಾಪೋಕ್ಲಿನಲ್ಲಿ ನಂಜಪ್ಪ ಅಂತ ಪೆನ್ಶನ್ ಆದ ದನದ ಡಾಕ್ಟ್ರು ಇದ್ದರು. ಸಾಂತಪ್ಪ ಬೆಳಿಗ್ಗೆ ಹೋದವನು ಸಂಜೆಗೆ ಬಂದ. ಮುಖ ಅರಳಿತ್ತು.

“ಎಂತ ಹೇಳಿದ್ರು?”

“ದಿನಾ ಬೆಳಿಗ್ಗೆ ಉಣ್ಣಿ ಹೆಕ್ಕಿದರೆ ಡಾಕ್ಟ್ರ ಮುಖ ನೋಡುವ ಕೆಲಸವೇ ಇಲ್ಲವಂತೆ.”

“ಅಷ್ಟೇನಾ?”

“ಅಷ್ಟೇ.”

“ಅಷ್ಟು ಹೇಳಲಿಕ್ಕೆ ಅವರಿಗೆ ಇಡೀ ದಿನ ಬೇಕಾಯ್ತಾ?”

“ನಿಧಾನದ ಜನ.”

ಬೊಳ್ಳಮ್ಮ ನಂಬಲಿಲ್ಲ. ಆದರೆ ಗಂಡನ ಮುಖ ನೋಡಿ ಬೇಡ ಅನ್ನಲಿಕ್ಕೂ ಬಾಯಿ ಬರಲಿಲ್ಲ. ಷರತ್ತು ಹಾಕಿದಳು. ಉಣ್ಣಿ ಹೆಕ್ಕುವುದು ಅವನ ಕೆಲಸ, ಅವಳು ಮುಟ್ಟುವುದಿಲ್ಲ. ಯಾವತ್ತಾದರೂ ಡಾಕ್ಟ್ರ ಖರ್ಚು ಬಂದರೆ ನಾಯಿಯೇ ದುಡಿದು ತೀರಿಸಬೇಕು. ಇಲ್ಲದಿದ್ದರೆ ಅದು ಮನೆಯಲ್ಲಿ ಇರುವ ಹಾಗಿಲ್ಲ.

“ನಾಯಿ ಎಂತ ದುಡಿಯುವುದು ಬೊಳ್ಳಮ್ಮ?”

“ಬೇಟೆಗೆ ಕರ್ಕೊಂಡು ಹೋಗಿ. ನಾಯಿ ಪಾಲು ಬರ್ತದಲ್ಲ.”

ಅದು ಹೌದು. ಕೊಡಗಿನಲ್ಲಿ ಕಾಡುಹಂದಿ ಹೊಡೆದರೆ ಬೇಟೆಗೆ ಹೋದ ಪ್ರತಿಯೊಬ್ಬನಿಗೂ ಒಂದು ಪಾಲು. ಜೊತೆಗೆ ಹೋದ ಪ್ರತಿ ನಾಯಿಗೂ ಒಂದು ಪಾಲು.

ಡೂಕ ಮೊದಲ ಸಲ ಬೇಟೆಗೆ ಹೋದ ದಿನ ಬೊಳ್ಳಮ್ಮ ಅಡಿಗೆಮನೆಯಲ್ಲಿದ್ದಳು. ಕಾಡಲ್ಲಿ ಎಲ್ಲೋ ಕೋವಿ ಢಂ ಅಂದದ್ದು ಕೇಳಿತು. ಒಲೆಗೆ ಸೌದೆ ಮುಂದೆ ತಳ್ಳುವಷ್ಟರಲ್ಲಿ ಡೂಕ ಬಂದು ಅವಳ ಸೀರೆಯ ಮರೆಗೆ ತಲೆ ತೂರಿಸಿತು. ತಲೆ ಅಡಗಿತು, ಉಳಿದ ನಾಯಿ ಅಡಿಗೆಮನೆ ತುಂಬ ನಿಂತು ನಡುಗಿತು. ಸಾಂತಪ್ಪ ಎಷ್ಟೋ ಹೊತ್ತಿನ ಮೇಲೆ ಕೋವಿ ಹೆಗಲಿಗೆ ಹಾಕಿಕೊಂಡು ಬಂದ.

“ದುಡಿದು ಬಂದಿದೆ ನೋಡಿ,” ಅಂದಳು.

ಅಂತೂ ಒಂದು ಮಳೆಗಾಲ ಕಳೆದ ಮೇಲೆ ಡೂಕನ ಪಾಲೂ ಬಂತು. ಆ ದಿನ ಬೇಟೆಗೆ ಮುಂದಾಳು ಬೊಳ್ಳಮ್ಮನ ತಮ್ಮ ಮೊಣ್ಣಪ್ಪ. ಮೊದಲ ಗುಂಡು ತಪ್ಪಿತು. ಡೂಕ ಎಂದಿನ ಹಾಗೆ ಮನೆಯ ದಾರಿ ಹಿಡಿಯಿತು. ಅದೇ ದಾರಿಯಲ್ಲಿ ಕೆಳಗಿನಿಂದ ಹಂದಿ ಬರುತ್ತಿತ್ತು. ಇಷ್ಟು ದೊಡ್ಡ ನಾಯಿಯೊಂದು ನೇರ ತನ್ನ ಮೇಲೆಯೇ ಬರುವುದನ್ನು ಹಂದಿ ಅದುವರೆಗೆ ಕಂಡದ್ದಿಲ್ಲ. ಡೂಕನಿಗೆ ಹಂದಿ ಕಾಣಲೇ ಇಲ್ಲ. ಅದು ಹಿಂದೆ ನೋಡಿಕೊಂಡು ಓಡುತ್ತಿತ್ತು. ಎರಡೂ ಡಿಕ್ಕಿ ಹೊಡೆದವು. ಹಂದಿ ಕೋರೆಯಲ್ಲಿ ಡೂಕನ ತೊಡೆಗೆ ಒಂದು ಗೀರು ಎಳೆದು, ತಿರುಗಿ ಓಡಿ, ಸೀದಾ ಮೊಣ್ಣಪ್ಪನ ಕೋವಿಯ ಮುಂದೆ ಬಿತ್ತು.

ಪಾಲು ಹಾಕುವಾಗ ತಕರಾರು ಎದ್ದಿತು.

“ಹೆದರಿ ಓಡಿದ ನಾಯಿಗೂ ಪಾಲಾ?” ಅಂದ ಒಬ್ಬ.

“ಹಂದಿಯ ಕಡೆಗೇ ಓಡಿದ್ದಲ್ಲವಾ?” ಅಂದ ಸಾಂತಪ್ಪ.

“ಮನೆ ಕಡೆಗೆ ಮಾರಾಯ!”

“ಹಂದಿ ಮನೆ ಕಡೆ ಇದ್ದರೆ ಅದು ಎಂತ ಮಾಡಬೇಕು?”

ಮೊಣ್ಣಪ್ಪ ನಗು ತಡೆಯಲಾರದೆ ಒಂದು ಪಾಲು ತೆಗೆದಿಟ್ಟ. “ಭಾವನ ಬಾಯಿಗೆ ಕೊಟ್ಟದ್ದು, ನಾಯಿಗಲ್ಲ,” ಅಂದ.

ಸಾಂತಪ್ಪ ಮನೆಗೆ ಬಂದಾಗ ಒಂದು ಕೈಯಲ್ಲಿ ಬಾಳೆ ಎಲೆಯ ಕಟ್ಟು, ಹಿಂದೆ ಕುಂಟುವ ನಾಯಿ.

“ಪಾಲು ತಂದಿದೆ,” ಅಂದ.

“ತೊಡೆ ಅಲ್ಲೇ ಬಿಟ್ಟು ಬಂದಿದೆ,” ಅಂದಳು ಬೊಳ್ಳಮ್ಮ. ಗಾಯ ನೋಡಿದಳು. ಮಾಂಸ ಬಾಯಿಬಿಟ್ಟಿತ್ತು. “ಗಾಡಿ ಕಟ್ಟಿ. ನಾನೂ ಬರ್ತೇನೆ. ಈ ಸಲ ಡಾಕ್ಟ್ರು ಹೇಳುವುದನ್ನು ನಾನೇ ಕೇಳಬೇಕು.”

ನಂಜಪ್ಪ ಡಾಕ್ಟ್ರು ಗಾಯ ತೊಳೆದು ಹೊಲಿಗೆ ಹಾಕಿದರು. ಇಂಜೆಕ್ಷನ್ ಕೊಡಬೇಕು, ಅದು ತೂಕ ನೋಡಿ ಕೊಡುವುದು ಅಂದರು.

“ತೂಕ ಎಷ್ಟಿದೆ?”

ಸಾಂತಪ್ಪ ತನ್ನ ಮೈ ನೋಡಿಕೊಂಡ.

“ನಿಮ್ಮದಲ್ಲ ಮಾರಾಯ್ರೆ, ನಾಯಿಯದ್ದು.”

ಎದುರಿಗೆ ಮಲೆಯಾಳಿ ವ್ಯಾಪಾರಿ ಕಾಕನ ಕರಿಮೆಣಸಿನ ಅಂಗಡಿ. ಮೂಟೆ ತೂಗುವ ದೊಡ್ಡ ತಕ್ಕಡಿ ಅಲ್ಲಿತ್ತು. ಡೂಕ ಒಂಟಿಯಾಗಿ ತಟ್ಟೆ ಹತ್ತಲಿಲ್ಲ. ಸಾಂತಪ್ಪ ಹತ್ತಿ ಕೂತು ಕರೆದ ಮೇಲೆ ಹತ್ತಿತು. ಕಾಕ ಇಬ್ಬರನ್ನೂ ಒಟ್ಟಿಗೆ ತೂಗಿದ. ನಾಯಿಯನ್ನು ಇಳಿಸಿ ಸಾಂತಪ್ಪನನ್ನು ಒಬ್ಬನನ್ನೇ ತೂಗಿದ. ಅದರಲ್ಲಿ ಇದನ್ನು ಕಳೆದ. ಇನ್ನೊಮ್ಮೆ ಕಳೆದ.

“ಸಾಂತಪ್ಪಣ್ಣ,” ಅಂದ, “ನಾಯಿಯೇ ಜಾಸ್ತಿ ಉಂಟು.”

ಬೀದಿಯವರೆಲ್ಲ ನಕ್ಕರು. ಬೊಳ್ಳಮ್ಮ ಅಂಗಡಿಯ ಮೆಟ್ಟಿಲಲ್ಲಿ ಕೂತು ಸೆರಗು ಬಾಯಿಗೆ ಒತ್ತಿ ನಕ್ಕಳು. ಕಣ್ಣಲ್ಲಿ ನೀರು ಬಂತು. ಸಾಂತಪ್ಪ ಇನ್ನೂ ತಟ್ಟೆಯಲ್ಲೇ ಕೂತಿದ್ದ. “ನಾನು ಊಟ ಮಾಡದೆ ಬಂದದ್ದು,” ಅಂದ.

ಡಾಕ್ಟ್ರು ಫೀಸು ಹೇಳಿದಾಗ ನಗು ನಿಂತಿತು.

“ಅಮ್ಮಾ, ನಾನು ಅವತ್ತೇ ಬೇಡ ಅಂತ ಹೇಳಿದ್ದೆ,” ಅಂದರು ಅವರು. “ಇಷ್ಟು ದೊಡ್ಡ ಮೈಗೆ ಎಲ್ಲಾ ಮದ್ದೂ ದುಪ್ಪಟ್ಟು, ಮೂರು ಪಟ್ಟು. ಮುಂದೆ ಸೊಂಟ ಬೀಳ್ತದೆ. ಹೊಟ್ಟೆ ತಿರುಚಿಕೊಳ್ತದೆ. ಇಷ್ಟೆಲ್ಲಾ ಖರ್ಚು ಮಾಡಿದರೂ ಏಳೆಂಟು ವರ್ಷ ಬದುಕಿದರೆ ಹೆಚ್ಚು. ಇಡೀ ಮಧ್ಯಾಹ್ನ ಕೂರಿಸಿಕೊಂಡು ಹೇಳಿದೆ. ಎಲ್ಲಾ ಕೇಳಿ ಇವರು, ದುಡ್ಡು ಬೇಡದ್ದು ಎಂತಾದರೂ ಉಂಟಾ ಅಂದರು. ಉಣ್ಣಿ ಹೆಕ್ಕಿ ಅಂದೆ.”

ಬೊಳ್ಳಮ್ಮ ಗಂಡನನ್ನು ನೋಡಿದಳು. ಗಂಡ ನಾಯಿಯನ್ನು ನೋಡಿದ.

ತಾಮ್ರದ ಹಂಡೆಗೆಂದು ಕಟ್ಟಿಟ್ಟಿದ್ದ ಮೆಣಸಿನ ದುಡ್ಡು ಅವಳ ಸೊಂಟದಲ್ಲಿತ್ತು. ಬಿಚ್ಚಿ ಕೊಟ್ಟಳು. ಹಂದಿಯ ಒಂದು ಪಾಲಲ್ಲ, ಇಡೀ ಹಂದಿ ಮಾರಿದ್ದರೂ ಅಷ್ಟು ಹುಟ್ಟುತ್ತಿರಲಿಲ್ಲ. ಗಾಡಿಯಲ್ಲಿ ಬರುವಾಗ ಅವನೇ ಮೆಲ್ಲಗೆ ಬಾಯಿಬಿಟ್ಟ.

“ಏಳೆಂಟು ವರ್ಷ ಅಷ್ಟೇ ಬೊಳ್ಳಮ್ಮ. ಹೇಗೂ ನಮಗಿಂತ ಮೊದಲು ಹೋಗ್ತದೆ. ಆಮೇಲೆ ಹಂಡೆ ತಕ್ಕೊಳ್ಳುವ.”

“ಅಲ್ಲಿವರೆಗೆ ಮಣ್ಣಿನ ಮಡಕೆಯಲ್ಲಿ ಮೀಯಿರಿ,” ಅಂದಳು. ನಾಯಿಯನ್ನು ಕಳಿಸುವ ಮಾತು ಅವತ್ತು ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ.

ಮುಚ್ಚಳದ ಜಗಳವಾದ ಮರುದಿನ ಸಾಂತಪ್ಪ ಊಟ ಮಾಡಿ ಜಗಲಿಯಲ್ಲಿ ಮಲಗಿದ. ಪಕ್ಕದಲ್ಲಿ ಡೂಕ. ಕಾಫಿಯ ಹೊತ್ತಾಯಿತು. ಜಗಲಿಯಿಂದ ಗೊರಕೆ ಕೇಳುತ್ತಿತ್ತು. ಕುಯ್ಲಿನ ಕಾಲ, ದಣಿದಿದ್ದಾರೆ, ಇನ್ನೂ ಸ್ವಲ್ಪ ಮಲಗಲಿ ಎಂದು ಬೊಳ್ಳಮ್ಮ ಕಾಫಿ ತಡ ಮಾಡಿದಳು. ಲೋಟ ಹಿಡಿದುಕೊಂಡು ಹೊರಗೆ ಬಂದಾಗ ಗೊತ್ತಾಯಿತು. ಗೊರಕೆ ಡೂಕನದ್ದು.

ಹೊತ್ತವರು, ಹಗುರ ಇದ್ದಾರೆ ಅಂದರು. ಅದು ಅವಳಿಗೆ ಗೊತ್ತಿತ್ತು. ಕಾಕ ತೂಗಿದ್ದನಲ್ಲ.

ಕರ್ಮ ಎಲ್ಲಾ ಮುಗಿದ ಮೇಲೆ ಮೊಣ್ಣಪ್ಪ ಬಂದ.

“ಅಕ್ಕಾ, ಹುದಿಕೇರಿಯ ಎಸ್ಟೇಟಿನವರೊಬ್ಬರು ಡೂಕನನ್ನು ಕೇಳಿದ್ದಾರೆ. ಜೀಪಲ್ಲಿ ಬಂದು ಕರ್ಕೊಂಡು ಹೋಗ್ತಾರೆ. ನಾಳೆ ಇದರ ಸೊಂಟ ಬಿದ್ದರೆ ನೀನೊಬ್ಬಳು ಎತ್ತುತ್ತೀಯಾ? ಡಾಕ್ಟ್ರ ಖರ್ಚು ಎಲ್ಲಿಂದ ತರ್ತೀಯಾ?”

ಎಲ್ಲಾ ಅವಳೇ ಗಂಡನಿಗೆ ಹೇಳಿದ್ದ ಮಾತು. ತಪ್ಪು ಅನ್ನುವುದು ಹೇಗೆ?

“ಬರಲಿ,” ಅಂದಳು.

ಜೀಪು ಬೆಳಿಗ್ಗೆಯೇ ಬಂತು. ಇಸ್ತ್ರಿ ಮಾಡಿದ ಪ್ಯಾಂಟಿನ ಮನುಷ್ಯ, ಒಳ್ಳೆಯವರ ಹಾಗೆ ಕಂಡರು. ಡೂಕ ಜಗಲಿಯಲ್ಲಿ ಸಾಂತಪ್ಪ ಕೂರುವ ಜಾಗದ ಪಕ್ಕ ಬಿದ್ದುಕೊಂಡಿತ್ತು. ಅವನು ಹೋದಂದಿನಿಂದ ಯಾರೂ ಅದರ ಮೈ ಮುಟ್ಟಿರಲಿಲ್ಲ. ಕಿವಿಯೊಳಗೆ ಉಣ್ಣಿ ದಪ್ಪ ದಪ್ಪ ಆಗಿದ್ದವು.

“ಸ್ವಲ್ಪ ಕೂತುಕೊಳ್ಳಿ,” ಅಂದಳು ಬೊಳ್ಳಮ್ಮ. “ಹೀಗೇ ಕೊಟ್ಟರೆ ನಮ್ಮ ಮನೆಯವರಿಗೆ ಮರ್ಯಾದೆ ಅಲ್ಲ.”

ಬಂದವರಿಗೆ ಕಾಫಿ ಕೊಟ್ಟಳು. ಕಾಫಿಪುಡಿ ಡಬ್ಬಿಯ ಅದೇ ಮುಚ್ಚಳಕ್ಕೆ ಸೀಮೆಎಣ್ಣೆ ಹಾಕಿಕೊಂಡು ಹೆಕ್ಕಲಿಕ್ಕೆ ಕೂತಳು. ಡೂಕ ತಲೆ ತಂದು ತೊಡೆಯ ಮೇಲೆ ಇಟ್ಟಿತು. ಭಾರ ಅಂದರೆ ಭಾರ. ಒಂದು ಕಿವಿ ಆಯಿತು. ಇನ್ನೊಂದು ಕಿವಿ ಆಯಿತು. ಬಂದವರು ಒಂದು ಗುಟುಕು ಕುಡಿದು ಲೋಟವನ್ನು ದೂರ ಇಟ್ಟರು.

“ಇನ್ನೂ ಎಷ್ಟು ಹೊತ್ತಮ್ಮ?”

“ಕಾಲಿನ ಸಂದಿ ಬಾಕಿ ಉಂಟು. ದಿನಾ ಹೆಕ್ಕಬೇಕು, ಒಂದು ದಿನ ಬಿಡುವ ಹಾಗಿಲ್ಲ. ಮತ್ತೆ ಇದರ ಸೊಂಟ ಬೀಳ್ತದಂತೆ. ಹೊಟ್ಟೆ ತಿರುಚಿಕೊಳ್ತದಂತೆ. ಮದ್ದು ಮೂರು ಪಟ್ಟು. ಕೋವಿ ಶಬ್ದ ಕೇಳಿದರೆ ಅಡಿಗೆಮನೆಗೆ ಬರ್ತದೆ. ನಿಮ್ಮ ಅಡಿಗೆಮನೆ ದೊಡ್ಡದುಂಟಾ?”

ಅವರು ಮೊಣ್ಣಪ್ಪನ ಮುಖ ನೋಡಿದರು. ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇನೆ ಅಂದರು. ಜೀಪು ಹೋಯಿತು. ಮತ್ತೆ ಬರಲಿಲ್ಲ.

ಮೊಣ್ಣಪ್ಪ ಅವರ ಲೋಟ ಎತ್ತಿ ಮೂಸಿದ.

“ಅಕ್ಕಾ! ಬೇಕಂತಲೇ ಮಾಡಿದ್ದಾ?”

“ನಿನ್ನ ಭಾವ ಮುಚ್ಚಳ ಸರಿಯಾಗಿ ತೊಳೆದಿರಲಿಲ್ಲ,” ಅಂದಳು ಬೊಳ್ಳಮ್ಮ. ಅಂದದ್ದೇ ಅಳು ಬಂತು. ಕಣ್ಣೊರೆಸಲಿಕ್ಕೆ ಕೈಗೆ ಬಿಡುವಿರಲಿಲ್ಲ. ಹಾಗೇ ಹೆಕ್ಕಿದಳು.

ಹಂಡೆಯ ದುಡ್ಡು ಮತ್ತೆ ಸ್ವಲ್ಪ ಸೇರಿದೆ. ಅದು ಡಾಕ್ಟ್ರಿಗೆ ಅಂತ ಇದೆ. ಕಾಫಿಪುಡಿ ಡಬ್ಬಿಗೆ ಈಗ ಒಂದು ತೆಂಗಿನ ಚಿಪ್ಪು ಮುಚ್ಚಿದ್ದಾಳೆ. ಬೆಳಿಗ್ಗೆ ಕೋಳಿ ಬಿಟ್ಟು, ಅಂಗಳ ಗುಡಿಸಿ, ಮುಚ್ಚಳ ಹಿಡಿದುಕೊಂಡು ಜಗಲಿಗೆ ಬರುತ್ತಾಳೆ. ಡೂಕ ಮೊದಲೇ ಬಂದು ಕೂತಿರುತ್ತದೆ. ಅದರ ಎಡಗಿವಿ ಮಗುಚಿ ಶುರು ಮಾಡುತ್ತಾಳೆ.