ನೀರು ಬೇಡದ ಗಿಡ

ಮೊನ್ನೆ ಮುಲುಂಡ್ ಸ್ಟೇಷನ್ ಹತ್ತಿರದ ನರ್ಸರಿಯಲ್ಲಿ ತುಳಸಿಗೆಂದು ಕುಂಡ ಹುಡುಕುತ್ತಿದ್ದಾಗ ಒಂದು ಪುಟ್ಟ ಕಳ್ಳಿ ಕಣ್ಣಿಗೆ ಬಿತ್ತು. ಮುಳ್ಳಿಲ್ಲ. ಮೇಲಿನಿಂದ ಅದುಮಿದ ಎಳೆ ಕುಂಬಳಕಾಯಿಯಂತೆ ಚಪ್ಪಟೆ, ಮೈತುಂಬ ಬಿಳಿ ಚುಕ್ಕಿ. ಅಂಗಡಿಯವನು, "ಬಾರಿಶ್ ಮೇ ಪಾನೀ ಮತ್ ದೇನಾ, ಮ್ಯಾಡಮ್" ಎಂದ. ಮಳೆಗಾಲದಲ್ಲಿ ನೀರು ಕೊಡಬೇಡಿ ಎಂಬ ಆ ಮಾತು ಕೇಳಿದ್ದೇ ನನಗೆ ಎದುರು ಮನೆಯ ಮಾಮ ನೆನಪಾದರು…

ಮಾಮ ಕುರ್ಲಾದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂತು ಕೂತು ನಿವೃತ್ತರಾದವರು. ಆಮೇಲೆ ಅವರಿಗೆ ಹಿಡಿದದ್ದು ಈ ಮರಳುಗಾಡಿನ ಸ್ಟಾರ್ ಕ್ಯಾಕ್ಟಸ್ಸಿನ ಹುಚ್ಚು. ಬೀಜದಿಂದ ಬೆಳೆಸಿದ ಒಂದೇ ಒಂದು ಗಿಡ, ವರ್ಷಕ್ಕೆ ಉಗುರಿನಷ್ಟೂ ದೊಡ್ಡದಾಗುತ್ತಿರಲಿಲ್ಲ. ಊರಿಗೆ ಹೋದವರೆಲ್ಲ ಕುಚ್ಚಲಕ್ಕಿ, ಹಪ್ಪಳ ತಂದರೆ ಇವರು ಹೊಳೆಯ ಮರಳು ಹೊತ್ತು ತರುತ್ತಿದ್ದರು. ಅದಕ್ಕೆ ಇಟ್ಟಿಗೆ ಚೂರು, ಇದ್ದಿಲು ಸೇರಿಸಿ ಜರಡಿ ಹಿಡಿಯುವುದನ್ನು ನೋಡಿ ಬಿಲ್ಡಿಂಗಿನವರಿಗೆಲ್ಲ ನಗು. ಜೂನ್ ಬಂತೆಂದರೆ ಗಿಡ ಕಿಟಕಿಯ ಗ್ರಿಲ್‌ನಿಂದ ಒಳಗೆ, ಟೀಪಾಯಿಯ ಮೇಲೆ. ಮಳೆ ಮುಗಿಯುವವರೆಗೆ ಹನಿ ನೀರಿಲ್ಲ. ಚಳಿಗಾಲದಲ್ಲೂ ನೀರು ಅಪರೂಪ. ಅದು ಕುಗ್ಗಿ ಮಣ್ಣಿಗೆ ಸಮವಾದಾಗ ನಾನು, "ಸತ್ತೇ ಹೋಯ್ತಲ್ಲ ಮಾಮ" ಎನ್ನುತ್ತಿದ್ದೆ.

"ಸಾಯುವುದಿಲ್ಲ ಮಾರಾಯ್ತಿ. ಬಾಯಾರಿಕೆ ತಡ್ಕೊಳ್ಳಿಕ್ಕೆ ಗೊತ್ತುಂಟು ಅದಕ್ಕೆ."

ಆ ಮನೆಯಲ್ಲಿ ಆಡಬಾರದ ಮಾತೆಂದರೆ ಅದೇ, ಬಾಯಾರಿಕೆ. ಗ್ಯಾಸಿನವನೇ ಬರಲಿ, ಕೊರಿಯರ್‌ನವನೇ ಬರಲಿ, ಮಾಮಿ ಬೆಲ್ಲ ನೀರು ಕೊಡದೆ ಕಳಿಸುತ್ತಿರಲಿಲ್ಲ. ನಮ್ಮ ಕರಾವಳಿಯವರ ಪದ್ಧತಿ, ಸರಿ. ಆದರೆ ಮಾಮಿ ಅವರು ಕುಡಿದು ಮುಗಿಸುವವರೆಗೂ ನಿಂತು ನೋಡುತ್ತಿದ್ದರು. ಕಾರಣ ಅಮ್ಮ ಹೇಳಿದ್ದಳು. ಅವರಿಗೊಬ್ಬಳು ಪುಟ್ಟ ಮಗಳಿದ್ದಳಂತೆ. ಹೊಟ್ಟೆಯ ಆಪರೇಷನ್ ಆದ ಮೇಲೆ ನೀರು ಕೊಡಬಾರದೆಂದು ಡಾಕ್ಟರು ಹೇಳಿದ್ದರಂತೆ. ಮಗು ನೀರು, ನೀರು ಎಂದು ಕೇಳುತ್ತಲೇ ಇತ್ತಂತೆ. ಮಾಮಿ ಕೊಡಲಿಲ್ಲ. ಮಗು ಉಳಿಯಲೂ ಇಲ್ಲ.

ಅಂಥವರ ಕಣ್ಣೆದುರು ಇಂಥ ಗಿಡವನ್ನು ಯಾರಾದರೂ ಇಡುತ್ತಾರೆಯೇ? ನನಗೆ ಮಾಮನ ಮೇಲೆ ಸಿಟ್ಟೇ ಬರುತ್ತಿತ್ತು. ನೀರಿಲ್ಲದೆಯೂ ಜೀವ ಉಳಿಯುತ್ತದೆಂದು ಹೆಂಡತಿಗೆ ತೋರಿಸಬೇಕಿತ್ತೋ, ಅಷ್ಟೆಲ್ಲ ಯೋಚನೆಯೇ ಇರಲಿಲ್ಲವೋ…

ಒಂದು ಏಪ್ರಿಲ್‌ನಲ್ಲಿ ಅದು ಹೂ ಬಿಟ್ಟಿತು. ಗಿಡವನ್ನೇ ಮುಚ್ಚುವಂಥ ಹಳದಿ ಹೂ, ಒಳಗೆ ಕೆಂಪು. ಮಾಮ ಮನೆಮನೆಯ ಬಾಗಿಲು ತಟ್ಟಿ ಎಲ್ಲರನ್ನೂ ಕರೆದರು. ಮಾಮಿ ಬಹಳ ಹೊತ್ತು ನೋಡಿ, "ಇದು ಮಾತ್ರ ಹೇಗೆ ಬದುಕಿತು?" ಎಂದರು.

ಆ ಮಳೆಗಾಲದ ಒಂದು ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ಮಾಮಿ ಅಡುಗೆಮನೆಯಿಂದ ಚೊಂಬು ತಂದು ಗಿಡಕ್ಕೆ ನೀರು ಹೊಯ್ದರು. ಒಂದೇ ಸಲಕ್ಕಲ್ಲ, ಮಗುವಿಗೆ ಕುಡಿಸುವ ಹಾಗೆ ಸ್ವಲ್ಪ ಸ್ವಲ್ಪವೇ. ಪೇಪರ್ ಓದುತ್ತಿದ್ದ ಮಾಮ ತಲೆಯೆತ್ತಿ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ಮಾಮಿ ಆಮೇಲೆ ದಿನಾ ಹೊಯ್ಯತೊಡಗಿದರು. ಗಣಪತಿ ಹಬ್ಬದ ಹೊತ್ತಿಗೆ ಗಿಡ ಬುಡದಿಂದ ಕೊಳೆತು, ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು.

ಅದನ್ನು ಪೇಪರಿನಲ್ಲಿ ಸುತ್ತಿ ಕೆಳಗೆ ಒಯ್ಯುತ್ತಿದ್ದ ಮಾಮ ಮೆಟ್ಟಿಲಲ್ಲಿ ಸಿಕ್ಕರು. ಅಷ್ಟು ವರ್ಷ ಸಾಕಿದ್ದು. ನನಗೇ ಅಳು ಬಂದಿತ್ತು.

"ಮಾಮಿಯನ್ನು ಯಾಕೆ ತಡೀಲಿಲ್ಲ ಮಾಮ?"

"ಆಸ್ಪತ್ರೆಯಲ್ಲಿ ತಡೆದವ ನಾನೇ ಅಲ್ವಾ," ಎಂದರು. "ಲೋಟ ಅವಳ ಕೈಯಲ್ಲಿತ್ತು. ಕಸ್ಕೊಂಡೆ."

ಪೇಪರಿನ ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಇಳಿದು ಹೋದರು.

ಮಾಮಿ ತೀರಿಕೊಂಡರು, ವರ್ಷ ತುಂಬುವ ಮೊದಲೇ ಮಾಮನೂ. ಎದುರು ಮನೆಯಲ್ಲೀಗ ಬೇರೆ ಯಾರೋ ಇದ್ದಾರೆ. ಆ ಗಿಡ ಸತ್ತಾಗ ಮಾಮಿಗೆ ಸಮಾಧಾನವಾಯಿತೋ, ಕೊಟ್ಟರೂ ಉಳಿಯಲಿಲ್ಲವೆಂದು ಸಂಕಟವಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ ಇಬ್ಬರೂ ಇಲ್ಲ.